ಪೆಟ್ರೋಲ್ ಆವಿ, ಸಿಡುಕು, ಮರೆವು: ಬಂಕ್ ಮತ್ತು ಗ್ಯಾರೇಜ್ ಕೆಲಸಗಾರರಿಗೆ ಕೈಪಿಡಿ

ಪೆಟ್ರೋಲ್ ಬಂಕ್‌ನಲ್ಲಿ ಗನ್ ಹಿಡಿಯುವವರು, ಟ್ಯಾಂಕರ್ ಇಳಿಸಿಕೊಳ್ಳುವವರು, ಬೈಕ್ ಮೆಕ್ಯಾನಿಕ್‌ಗಳು, ಅಡಿಕೆ–ಕಾಫಿ ತೋಟಗಳಲ್ಲಿ ದಿನವಿಡೀ ಕಳೆ ಕತ್ತರಿಸುವ ಯಂತ್ರ ಹೊರುವವರು ವರ್ಷಗಟ್ಟಲೆ ಪೆಟ್ರೋಲ್ ಆವಿ ಕುಡಿಯುತ್ತಾರೆ. ಅದರಿಂದ ತಲೆನೋವು ಬರುವುದು ಎಲ್ಲರಿಗೂ ಗೊತ್ತು. ಆದರೆ ಮನೆಗೆ ಬಂದ ಮೇಲೆ ಸಣ್ಣ ಮಾತಿಗೂ ರೇಗುವುದು, ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ನಿದ್ದೆ ಕೆಡುವುದು, ಗಿರಾಕಿ ಹೇಳಿದ ಮೊತ್ತ ಗನ್ ಎತ್ತುವಷ್ಟರಲ್ಲಿ ಮರೆತುಹೋಗುವುದು, ಇವಕ್ಕೂ ಆವಿಗೂ ನಂಟಿರಬಹುದೆಂದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. “ಈಚೆಗೆ ಅವನ ಸ್ವಭಾವವೇ ಹಾಗಾಗಿದೆ” ಎಂದು ಮನೆಯವರು ಸುಮ್ಮನಾಗುತ್ತಾರೆ.

ಸುಮ್ಮನಾಗಬಾರದು. ಇಂಥ ದ್ರಾವಕಗಳಿಂದ ಮಿದುಳಿಗಾಗುವ ತೊಂದರೆಯಲ್ಲಿ ಮೊದಲು ಕೆಡುವುದು ಮನಸ್ಸಿನ ಹದ. ಆ ಹಂತದಲ್ಲೇ ಆವಿ ತಪ್ಪಿಸಿದರೆ ಸಾಮಾನ್ಯವಾಗಿ ಚೇತರಿಕೆ ಇದೆ. ಮುಂದಿನ ಹಂತಗಳಲ್ಲಿ ಆ ಭರವಸೆ ಕಡಿಮೆ. ಆವಿ ಹೆಚ್ಚು ಒಳಹೋಗುವುದು ಪಾಳಿಯ ಎಂಟೂ ಗಂಟೆಯಲ್ಲಲ್ಲ, ಕೆಲವೇ ನಿರ್ದಿಷ್ಟ ಕೆಲಸಗಳ ಕೆಲವೇ ನಿಮಿಷಗಳಲ್ಲಿ. ಆ ನಿಮಿಷಗಳನ್ನು ಸರಿಪಡಿಸಿಕೊಳ್ಳುವುದಕ್ಕೆ ಹೆಚ್ಚು ದುಡ್ಡೂ ಬೇಕಿಲ್ಲ.

ಆವಿ ಮಿದುಳು ಮುಟ್ಟುವ ದಾರಿ

ಪೆಟ್ರೋಲ್ ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಬ್ಯೂಟೇನ್, ಪೆಂಟೇನ್, ಹೆಕ್ಸೇನ್‌ನಂಥ ಹಗುರ ಭಾಗಗಳು ಮೊದಲು ಆವಿಯಾಗುತ್ತವೆ. ಜೊತೆಗೆ ಬೆಂಜೀನ್, ಟಾಲುಯೀನ್, ಕ್ಸೈಲೀನ್‌ಗಳೂ ಏಳುತ್ತವೆ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಮಾರುತ್ತಿರುವ ಬಿಎಸ್-6 ಪೆಟ್ರೋಲ್‌ನಲ್ಲಿ ಬೆಂಜೀನ್ ಶೇ 1 ಮೀರುವಂತಿಲ್ಲ, ಆದರೆ ಈ ಜಾತಿಯ ಆರೊಮ್ಯಾಟಿಕ್‌ಗಳು ಒಟ್ಟಾಗಿ ಶೇ 35ರವರೆಗೆ ಇರಬಹುದು. ಬೆಂಜೀನ್ ಮುಖ್ಯವಾಗಿ ಮೂಳೆಮಜ್ಜೆಯ ಶತ್ರು, ರಕ್ತದ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಮಿದುಳಿನ ಮಟ್ಟಿಗೆ ಹೆಚ್ಚು ಗಮನ ಬೇಕಾದದ್ದು ಟಾಲುಯೀನ್.

ಇವೆಲ್ಲ ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತವೆ. ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಕೊಬ್ಬಿನಂಶ ಹೆಚ್ಚಿರುವ ಮಿದುಳಿಗೆ ಕೆಲವೇ ನಿಮಿಷಗಳಲ್ಲಿ ತಲುಪುತ್ತವೆ. ಟಾಲುಯೀನ್ ಅಲ್ಲಿ ನರಗಳ ಚಟುವಟಿಕೆ ತಗ್ಗಿಸುವ ಗಾಬಾ ಗ್ರಾಹಕಗಳನ್ನು ಚುರುಕುಗೊಳಿಸುತ್ತದೆ, ಅದನ್ನು ಏರಿಸುವ ಎನ್‌ಎಂಡಿಎ ಗ್ರಾಹಕಗಳನ್ನು ಅದುಮುತ್ತದೆ. ಮದ್ಯ ಕೆಲಸ ಮಾಡುವುದೂ ಹೆಚ್ಚುಕಡಿಮೆ ಇವೇ ಜಾಗಗಳಲ್ಲಿ. ಹಾಗಾಗಿ ಮೊದಲು ತಲೆ ಹಗುರವಾದಂತೆ, ಆಮೇಲೆ ಮಂಕು ಕವಿದಂತೆ ಅನ್ನಿಸುತ್ತದೆ. ತೀವ್ರ ಪ್ರಮಾಣದಲ್ಲಿ ವರ್ಷಗಟ್ಟಲೆ ನಡೆದರೆ ನರತಂತುಗಳನ್ನು ಸುತ್ತಿರುವ ಮೈಲಿನ್ ಪದರ ಹಾಳಾಗುತ್ತದೆ. ಹೆಕ್ಸೇನ್‌ನ ದಾರಿ ಬೇರೆ. ಅದು ದೇಹದೊಳಗೆ ಬದಲಾಗಿ ಉದ್ದನೆಯ ನರಗಳನ್ನು ಕೆಡಿಸುತ್ತದೆ, ಆದ್ದರಿಂದ ಜೋಮು ಮೊದಲು ಪಾದದಲ್ಲಿ ಹಿಡಿಯುತ್ತದೆ.

ಹಿಂದೆ ಸೀಸದ ಕಾಟವೂ ಇತ್ತು. 1924ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಪೆಟ್ರೋಲ್‌ಗೆ ಬೆರೆಸುವ ಟೆಟ್ರಾಈಥೈಲ್ ಸೀಸ ತಯಾರಿಸುತ್ತಿದ್ದ ಐವರು ಕೆಲಸಗಾರರು ಬುದ್ಧಿಭ್ರಮಣೆಯಾಗಿ ಸತ್ತರು. ಭಾರತದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಅದಕ್ಕೂ ಹಿಂದೆ ಬಹುಕಾಲ ಬಂಕ್‌ನಲ್ಲಿ ದುಡಿದವರು ವೈದ್ಯರಿಗೆ ಅದನ್ನು ಹೇಳಬೇಕು, ಏಕೆಂದರೆ ಮೂಳೆಗೆ ಸೇರಿದ ಸೀಸ ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆ.

ಪುರಾವೆ ಎಲ್ಲ ಕಡೆ ಒಂದೇ ತೂಕದ್ದಲ್ಲ ಎಂಬುದನ್ನೂ ತಿಳಿದಿರಬೇಕು. ಬೇಕೆಂದೇ ಪೆಟ್ರೋಲ್ ಅಥವಾ ಪಂಕ್ಚರ್ ಸೊಲ್ಯೂಷನ್ ಮೂಸುವವರಲ್ಲಿ ಮಿದುಳಿಗೆ ಆಗುವ ಹಾನಿ ಸ್ಪಷ್ಟವಾಗಿ ಸಾಬೀತಾಗಿದೆ. ಆಸ್ಟ್ರೇಲಿಯದ ಮೂಲನಿವಾಸಿ ಊರುಗಳಲ್ಲಿ ಈ ಚಟ ಹಬ್ಬಿದಾಗ ಆರೊಮ್ಯಾಟಿಕ್ ಅಂಶ ತೀರಾ ಕಡಿಮೆಯಿರುವ ‘ಓಪಲ್’ ಎಂಬ ಪೆಟ್ರೋಲ್ ಅನ್ನೇ 2005ರಲ್ಲಿ ಅಲ್ಲಿಗೆ ತರಬೇಕಾಯಿತು. ವರ್ಷಗಟ್ಟಲೆ ದ್ರಾವಕ ಉಸಿರಾಡಿದ ಪೇಂಟರ್‌ಗಳ ವಿಷಯದಲ್ಲೂ ಪುರಾವೆ ಗಟ್ಟಿ. ಬಂಕ್ ಕೆಲಸಗಾರರು ಉಸಿರಾಡುವ ಪ್ರಮಾಣ ಅವರಿಗಿಂತ ಕಡಿಮೆ, ಪುರಾವೆಯೂ ಅಷ್ಟು ಬಲವಾಗಿಲ್ಲ. ರಾತ್ರಿ ಪಾಳಿ, ಬಿಸಿಲು, ಗದ್ದಲ, ಲೆಕ್ಕದಲ್ಲಿ ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕೆಂಬ ಭಯ, ಇವೂ ಮನಸ್ಸು ಕೆಡಿಸುತ್ತವೆ. ಅದಕ್ಕೇ ಊಹೆಯ ಬದಲು ಬರೆದಿಟ್ಟು ನೋಡುವ ವಿಧಾನವನ್ನು ಮುಂದೆ ಕೊಟ್ಟಿದೆ.

ಮೂಗು ಮೀಟರ್ ಅಲ್ಲ, ಎಲ್ಲ ಮೀಟರ್‌ಗಳೂ ಆರೋಗ್ಯದ ಮೀಟರ್‌ಗಳಲ್ಲ

ಪೆಟ್ರೋಲ್ ವಾಸನೆ ಗಾಳಿಯಲ್ಲಿ 1 ಪಿಪಿಎಂಗಿಂತ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ) ಕಡಿಮೆ ಇದ್ದಾಗಲೂ ಹೊಸಬರ ಮೂಗಿಗೆ ಬಡಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. “ನನಗೀಗ ವಾಸನೆಯೇ ಬರಲ್ಲ” ಎಂದರೆ ಆವಿ ಇಲ್ಲವೆಂದಲ್ಲ. ಹೊರಗಿನಿಂದ ಆಗತಾನೇ ಬಂದವರಿಗೆ ಘಾಟು ಹೊಡೆಯುತ್ತಿದೆಯೇ ಎಂದು ಕೇಳಿ, ಅವರ ಮೂಗನ್ನು ನಂಬಿ.

ಎಂಟು ಗಂಟೆಯ ಸರಾಸರಿಗೆ ಪೆಟ್ರೋಲ್ ಆವಿ 300 ಪಿಪಿಎಂ, 15 ನಿಮಿಷಕ್ಕೆ 500 ಪಿಪಿಎಂ ಎಂಬುದು ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಮಂಡಳಿ ಹಾಕಿದ ಗೆರೆ. ಬೆಂಜೀನ್‌ಗೆ ಅಲ್ಲಿನ ಸರ್ಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಗೆರೆ ಬರೀ 0.1 ಪಿಪಿಎಂ. ಬಂಕ್‌ಗಳಲ್ಲಿ ಬೆಂಕಿಯ ಭಯಕ್ಕೆ ಬಳಸುವ ಗ್ಯಾಸ್ ಡಿಟೆಕ್ಟರ್ ಬೇರೆಯೇ ಲೆಕ್ಕದ್ದು. ಪೆಟ್ರೋಲ್ ಆವಿಗೆ ಬೆಂಕಿ ಹತ್ತಲು ಗಾಳಿಯಲ್ಲಿ ಅದು ಕನಿಷ್ಠ ಶೇ 1.4, ಅಂದರೆ 14,000 ಪಿಪಿಎಂ ಇರಬೇಕು. ಡಿಟೆಕ್ಟರ್ ಸಾಮಾನ್ಯವಾಗಿ ಅದರ ಹತ್ತನೇ ಒಂದು ಭಾಗಕ್ಕೆ, ಸುಮಾರು 1,400 ಪಿಪಿಎಂಗೆ ಕೂಗುತ್ತದೆ. ಅದು ಕೂಗಲಿಲ್ಲವೆಂದರೆ ಸ್ಫೋಟವಾಗುವುದಿಲ್ಲ ಎಂದಷ್ಟೇ ಅರ್ಥ. ಉಸಿರಾಡಲು ಯೋಗ್ಯವೇ ಎಂದು ಅಳೆಯಲು ತೀರಾ ಕಡಿಮೆ ಆವಿಯನ್ನೂ ಹಿಡಿಯುವ ಪಿಐಡಿ ಮೀಟರ್ ಬೇಕು, ಅಥವಾ ಕೆಲಸಗಾರರ ಕಾಲರ್‌ಗೆ ಸಿಕ್ಕಿಸುವ ಸ್ಯಾಂಪ್ಲರ್ ಬ್ಯಾಡ್ಜ್ ಬೇಕು. ದೊಡ್ಡ ಬಂಕ್‌ಗಳ ಮಾಲೀಕರು ವರ್ಷಕ್ಕೊಮ್ಮೆ ಒಂದು ಪಾಳಿಯವರಿಗಾದರೂ ಬ್ಯಾಡ್ಜ್ ಹಾಕಿಸಿ ಲ್ಯಾಬ್‌ಗೆ ಕಳಿಸುವುದು ಒಳ್ಳೆಯದು.

ಹಂತಗಳು

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ರಾಲೀ ಪಟ್ಟಣದಲ್ಲಿ ಸೇರಿದ ತಜ್ಞರು 1985ರಲ್ಲಿ ಮಾಡಿದ ವಿಂಗಡಣೆಯನ್ನೇ ವೈದ್ಯರು ಇಂದಿಗೂ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಮೊದಲ ಹಂತದಲ್ಲಿ ಸುಸ್ತು, ಸಿಡುಕು, ಖಿನ್ನತೆ, ಗಮನ ನಿಲ್ಲದಿರುವುದು. ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ. ಎರಡನೆಯದರಲ್ಲಿ ಒಂದೋ ಸ್ವಭಾವವೇ ಬದಲಾಗಿ ಹಾಗೇ ಉಳಿಯುತ್ತದೆ, ಇಲ್ಲವೇ ನೆನಪು ಮತ್ತು ಯೋಚನೆಯ ವೇಗ ಕುಗ್ಗಿರುವುದು ಪರೀಕ್ಷೆಯಲ್ಲಿ ಕಾಣುತ್ತದೆ. ಮೂರನೆಯದು ಡಿಮೆನ್ಶಿಯಾದ, ಅಂದರೆ ನೆನಪು–ಬುದ್ಧಿ ತೀವ್ರವಾಗಿ ಕುಂದುವ ಹಂತ, ಕೆಲಸದ ಜಾಗದ ಆವಿಯಿಂದ ಅಪರೂಪ.

ಒಂದು ವಿಷಯ ನೆನಪಿಡಿ. ಆವಿಯಿಂದ ದೂರವಾದ ಮೇಲೆ ಈ ಕಾಯಿಲೆ ಸಾಮಾನ್ಯವಾಗಿ ಮುಂದುವರಿಯುವುದಿಲ್ಲ. ಸುಧಾರಿಸುತ್ತದೆ, ಇಲ್ಲವೇ ಇದ್ದಲ್ಲೇ ನಿಲ್ಲುತ್ತದೆ. ಕೆಲಸ ಬಿಟ್ಟು ವರ್ಷವಾದ ಮೇಲೂ ಮರೆವು ಏರುತ್ತಲೇ ಇದ್ದರೆ ಬೇರೆ ಕಾರಣ ಹುಡುಕಬೇಕು.

ಬಂಕ್‌ನಲ್ಲಿ: ಯಾವ ನಿಮಿಷಗಳು ಅಪಾಯದವು

ಮೊದಲಿಗೆ ಗಾಳಿ. ಕ್ಯಾನೊಪಿಯ ಎರಡು ಕಂಬಗಳಿಗೆ ತಲೆಯೆತ್ತರದಲ್ಲಿ ಒಂದೊಂದು ಗೇಣುದ್ದದ ತೆಳು ಬಟ್ಟೆಪಟ್ಟಿ ಕಟ್ಟಿ. ಗಾಳಿ ಎತ್ತಲಿಂದ ಬರುತ್ತಿದೆ ಎಂದು ಒಂದು ನೋಟಕ್ಕೆ ತಿಳಿಯುತ್ತದೆ. ಗಾಳಿ ನಿಮ್ಮ ಬೆನ್ನಿಗೆ ಅಥವಾ ಪಕ್ಕೆಗೆ ತಾಗುವಂತೆ ನಿಲ್ಲುವುದು ಈ ಕೈಪಿಡಿಯ ಅತಿ ಅಗ್ಗದ, ಅತಿ ಉಪಯುಕ್ತ ಸಲಹೆ.

ಬೈಕ್‌ಗೆ ಹಾಕುವಾಗ: ಟ್ಯಾಂಕ್‌ಗೆ ಎಷ್ಟು ಲೀಟರ್ ಪೆಟ್ರೋಲ್ ಇಳಿಯುತ್ತದೋ ಸುಮಾರು ಅಷ್ಟೇ ಲೀಟರ್ ಆವಿ ಅದೇ ಬಾಯಿಂದ ಹೊರಬರುತ್ತದೆ. ಕಾರಿನ ಬಾಯಿ ಸೊಂಟದ ಮಟ್ಟದಲ್ಲಿ ಪಕ್ಕಕ್ಕಿರುತ್ತದೆ. ಬೈಕ್‌ನದು ಮೇಲ್ಮುಖವಾಗಿ ತೆರೆದುಕೊಂಡಿರುತ್ತದೆ, ಪೆಟ್ರೋಲ್ ಎಲ್ಲಿಗೆ ಬಂತೆಂದು ನೋಡಲು ಕೆಲಸಗಾರರು ಅದರ ಮೇಲೇ ಬಗ್ಗುತ್ತಾರೆ. ಬಗ್ಗಬೇಡಿ. ತೋಳು ಚಾಚಿ, ಮುಖವನ್ನು ಕನಿಷ್ಠ ಎರಡು ಅಡಿ ಹಿಂದಿಟ್ಟು, ಮೀಟರ್ ಕಡೆ ನೋಡಿ. ಫುಲ್ ಟ್ಯಾಂಕ್ ಕೇಳಿದರೆ ಗನ್ ತಾನೇ ಕಟ್ ಆದಲ್ಲಿಗೆ ನಿಲ್ಲಿಸಿ. “ಇನ್ನೂ ಹತ್ತು ರೂಪಾಯಿಗೆ ಹಿಡಿಯುತ್ತೆ ಹಾಕಿ” ಎನ್ನುವ ಗಿರಾಕಿಗೆ ಕಾರಣ ಹೇಳಿ: ಬಿಎಸ್-6 ಬೈಕ್‌ಗಳಲ್ಲಿ ಆವಿ ಹೀರುವ ಇದ್ದಿಲಿನ ಡಬ್ಬಿ ಇದೆ, ಕುತ್ತಿಗೆಯವರೆಗೆ ತುಂಬಿದರೆ ದ್ರವ ಅದಕ್ಕೆ ಹೋಗಿ ಅದು ಕೆಡುತ್ತದೆ. ಚೆಲ್ಲಿದರೆ ಮರಳು ಹಾಕಿ. ಕೈಲಿದ್ದ ಬಟ್ಟೆಯಿಂದ ಒರೆಸಿ ಅದನ್ನೇ ಹೆಗಲ ಮೇಲೆ ಹಾಕಿಕೊಂಡರೆ ಪಾಳಿ ಮುಗಿಯುವವರೆಗೂ ಅದರ ಆವಿ ಮೂಗಿಗೇ.

ಬೆಳಗಿನ ಡೆನ್ಸಿಟಿ (ಸಾಂದ್ರತೆ) ಪರೀಕ್ಷೆ: 500 ಮಿಲಿ ಜಾರ್‌ನಲ್ಲಿ ಪೆಟ್ರೋಲ್ ಹಿಡಿದು ಹೈಡ್ರೋಮೀಟರ್, ಥರ್ಮಾಮೀಟರ್ ಇಳಿಸಿ ಓದುವ ಈ ಕೆಲಸ ಸಣ್ಣದಾಗಿ ಕಾಣುತ್ತದೆ. ಜಾರ್ ನೆಲದ ಮೇಲೋ ಗಿಡ್ಡ ಸ್ಟೂಲ್ ಮೇಲೋ ಇದ್ದರೆ ಓದುವವರ ಮೂಗು ಜಾರ್‌ನ ಬಾಯಿಯ ಮೇಲೇ ಇರುತ್ತದೆ. ಜಾರ್ ಅನ್ನು ಕಣ್ಣಿನ ಮಟ್ಟಕ್ಕೆ ಬರುವಂಥ ಗಟ್ಟಿ ಮೇಜಿನ ಮೇಲೆ ಹೊರಗೆ ನೆರಳಿನಲ್ಲಿಡಿ. ಪಕ್ಕದಿಂದ ಓದಿ, ಓದೂ ಸರಿಯಾಗಿ ಸಿಗುತ್ತದೆ. ಸೇಲ್ಸ್ ರೂಮ್‌ನೊಳಗೆ ಎಂದೂ ಮಾಡಬೇಡಿ. ಕಾಗದದಲ್ಲಿ ಬರೆದುಕೊಂಡ ಕೂಡಲೇ ಸ್ಯಾಂಪಲ್ ಟ್ಯಾಂಕ್‌ಗೆ ವಾಪಸು ಹೋಗಲಿ, 15 ಡಿಗ್ರಿಗೆ ಹೊಂದಿಸುವ ಲೆಕ್ಕ ಆಮೇಲೆ. ಲೆಕ್ಕ ಮುಗಿಯುವವರೆಗೆ ಜಾರ್ ತೆರೆದಿಡುವುದೇ ಇಲ್ಲಿ ನಡೆಯುವ ದೊಡ್ಡ ತಪ್ಪು.

ಐದು ಲೀಟರ್ ಅಳತೆ: ಪ್ರತಿ ನಾಜಲ್‌ನಿಂದ ಅಳತೆ ಪಾತ್ರೆಗೆ ಹಿಡಿದು, ನೋಡಿ, ಮತ್ತೆ ಟ್ಯಾಂಕ್‌ಗೆ ಸುರಿಯುತ್ತಾರೆ. ಎಂಟು ನಾಜಲ್ ಇದ್ದರೆ 40 ಲೀಟರ್ ಒಮ್ಮೆ ಪಾತ್ರೆಗೆ, ಇನ್ನೊಮ್ಮೆ ಟ್ಯಾಂಕ್‌ಗೆ. ಒಟ್ಟು 80 ಲೀಟರ್ ತೆರೆದ ಗಾಳಿಯಲ್ಲಿ ಸುರಿದಂತೆ. ಇದನ್ನು ತಿಂಗಳಿಡೀ ಒಬ್ಬರೇ ಮಾಡುವ ಬಂಕ್‌ಗಳಿವೆ. ಕೆಲಸವನ್ನು ಸರದಿಯಂತೆ ಹಂಚಿ, ಗರ್ಭಿಣಿಯರಿಗೆ ಬೇಡ. ಸುರಿಯುವಾಗ ಆಳಕ್ಕೆ ಇಳಿಯುವ ಕೊಳವೆಯಿರುವ ಲೋಹದ ಆಲಿಕೆ ಬಳಸಿ, ನಿಧಾನವಾಗಿ ಸುರಿಯಿರಿ. ಎತ್ತರದಿಂದ ದಬದಬ ಸುರಿದಷ್ಟೂ ಆವಿ ಹೆಚ್ಚು, ಸ್ಥಿರವಿದ್ಯುತ್ತಿನ ಕಿಡಿಯ ಅಪಾಯವೂ ಹೆಚ್ಚು.

ಡಿಪ್ (ನೆಲದ ಟ್ಯಾಂಕ್‌ನಲ್ಲಿ ಎಷ್ಟಿದೆಯೆಂದು ಅಳತೆಕೋಲು ಇಳಿಸಿ ನೋಡುವುದು): ಆಟೊಮ್ಯಾಟಿಕ್ ಗೇಜ್ ಇರುವಲ್ಲಿ ಅದನ್ನೇ ನೋಡಿ. ಡಿಪ್ ರಾಡ್ ಹಾಕಲೇಬೇಕಾದಾಗ ಮುಚ್ಚಳ ತೆರೆದು ಒಂದು ನಿಮಿಷ ಗಾಳಿ ಬರುವ ಕಡೆಗೆ ಸರಿದು ನಿಲ್ಲಿ. ಬಿಸಿಲಿಗೆ ಒಳಗೆ ಒತ್ತಡ ಕಟ್ಟಿ ನಿಂತ ಆವಿ ಮೊದಲು ಹೋಗಲಿ. ಒದ್ದೆ ರಾಡ್ ಒರೆಸುವ ಬಟ್ಟೆಗೆ ಮುಚ್ಚಳವಿರುವ ತಗಡಿನ ಡಬ್ಬಿ ಬೇಕು.

ಟ್ಯಾಂಕರ್ ಇಳಿಸುವಾಗ: ಇಡೀ ದಿನದಲ್ಲಿ ಹೆಚ್ಚು ಆವಿ ಇಲ್ಲೇ. 12,000 ಲೀಟರ್ ನೆಲದ ಟ್ಯಾಂಕ್‌ಗೆ ಇಳಿದರೆ ಅಷ್ಟೇ ಗಾತ್ರದ ಆವಿ ಹೊರಗೆ ನೂಕಲ್ಪಡುತ್ತದೆ. ಆವಿ ವಾಪಸು ತೆಗೆದುಕೊಳ್ಳುವ ಹೋಸ್ ಜೋಡಿಸಿದರೆ ಅದು ಟ್ಯಾಂಕರ್‌ಗೇ ಮರಳುತ್ತದೆ, ಇಲ್ಲದಿದ್ದರೆ ವೆಂಟ್ ಪೈಪ್‌ನಿಂದ ಹೊರಬಿದ್ದು ಕೆಳಕ್ಕೆ ಇಳಿಯುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು–ನಾಲ್ಕು ಪಟ್ಟು ಭಾರ. ಎಷ್ಟೋ ಕಡೆ ಹೋಸ್ ಇದ್ದೂ “ಟೈಮ್ ಆಗುತ್ತೆ” ಎಂದು ಜೋಡಿಸುವುದಿಲ್ಲ. ಜೋಡಿಸದೆ ಇಳಿಸಲು ಒಪ್ಪಬೇಡಿ. ಟ್ಯಾಂಕರ್ ಮೇಲಿನ ಡೋಮ್ ಮುಚ್ಚಳ ತೆರೆಯುವವರು ಗಾಳಿ ಬೆನ್ನಿಗೆ ಅಥವಾ ಪಕ್ಕೆಗೆ ತಾಗುವಂತೆ ನಿಂತು ತೆರೆದು, ಪಕ್ಕಕ್ಕೆ ಸರಿದು, ಆಮೇಲೆ ನೋಡಬೇಕು. ಇಳಿಯುವಷ್ಟು ಹೊತ್ತು ವೆಂಟ್ ಪೈಪ್‌ನ ಕೆಳಗೆ, ತಗ್ಗಿನಲ್ಲಿ, ಫಿಲ್ ಪಾಯಿಂಟ್ ಗುಂಡಿಯ ಅಂಚಿನಲ್ಲಿ ಕೂರಬೇಡಿ. ಕಾಯುವವರಿಗೆ ಕುರ್ಚಿ ಗಾಳಿ ಬರುವ ದಿಕ್ಕಿನಲ್ಲಿ, ಸಾಕಷ್ಟು ದೂರದಲ್ಲಿರಲಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ದೊಡ್ಡ ನಗರಗಳ ಹೆಚ್ಚು ಮಾರಾಟದ ಬಂಕ್‌ಗಳಿಗೆ ಆವಿ ಮರುಸಂಗ್ರಹ ವ್ಯವಸ್ಥೆ ಬೇಕೆನ್ನುತ್ತದೆ. ನಿಮ್ಮಲ್ಲಿ ಅದು ಇದ್ದರೆ ಗನ್ ಮೂತಿಯ ಹತ್ತಿರ ಸಣ್ಣ ತೂತುಗಳಿರುತ್ತವೆ. ಧೂಳು, ಕೊಳೆಯಿಂದ ಅವು ಮುಚ್ಚಿಹೋದರೆ, ಅಥವಾ ಒಳಗಿನ ವ್ಯಾಕ್ಯೂಮ್ ಪಂಪ್ ಕೆಟ್ಟರೆ ಪೆಟ್ರೋಲ್ ಎಂದಿನಂತೆ ಬರುತ್ತಲೇ ಇರುತ್ತದೆ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಯಾವುದಾದರೂ ಒಂದು ಗನ್‌ನಲ್ಲಿ ಮಾತ್ರ ಘಾಟು ಜಾಸ್ತಿ ಎನ್ನಿಸಿದರೆ ಮೊದಲು ಆ ತೂತು ನೋಡಿ, ಆಮೇಲೆ ಸರ್ವಿಸ್‌ನವರಿಗೆ ಹೇಳಿ.

ಗ್ಯಾರೇಜ್‌ನಲ್ಲಿ

ಬಂಕ್ ತೆರೆದ ಬಯಲು, ಗ್ಯಾರೇಜ್ ಮೂರು ಗೋಡೆಯ ಗೂಡು. ಅದರ ಮೇಲೆ ಪೆಟ್ರೋಲ್‌ನಲ್ಲೇ ಭಾಗ ತೊಳೆಯುವ, ಪೆಟ್ರೋಲ್‌ನಲ್ಲೇ ಕೈ ತೊಳೆಯುವ ರೂಢಿ. ಆವಿಯ ಲೆಕ್ಕದಲ್ಲಿ ಬಂಕ್‌ಗಿಂತ ಗ್ಯಾರೇಜ್‌ನ ಹುಡುಗರ ಬಗ್ಗೆಯೇ ಹೆಚ್ಚು ಚಿಂತೆ.

ಚೈನ್, ಬೇರಿಂಗ್, ಎಂಜಿನ್ ಹೊರಮೈ ತೊಳೆಯಲು ನೀರಿನಲ್ಲಿ ಕಲಸುವ ಡಿಗ್ರೀಸರ್ ಸಾಕು. ಅದು ಸಾಲದಿದ್ದರೆ ಸೀಮೆಎಣ್ಣೆ. ಅದೂ ನಿರಪಾಯವಲ್ಲ, ಚರ್ಮ ಒಡೆಯುತ್ತದೆ, ಆದರೆ ಪೆಟ್ರೋಲ್‌ಗಿಂತ ಬಹಳ ನಿಧಾನವಾಗಿ ಆವಿಯಾಗುತ್ತದೆ. ಕಾರ್ಬೊರೇಟರ್‌ಗೆ ಪೆಟ್ರೋಲ್ ಬೇಕೇ ಬೇಕೆಂದರೆ ಅಗಲ ಟ್ರೇ ಬೇಡ. ಕಿರಿದಾದ ಬಾಯಿಯ, ಮುಚ್ಚಳವಿರುವ ಡಬ್ಬಿಯಲ್ಲಿ ಅರ್ಧ ಲೀಟರ್‌ಗಿಂತ ಕಡಿಮೆ ತೆಗೆದುಕೊಂಡು ಶಟರ್‌ನ ಹೊರಗೆ ಮಾಡಿ, ಬ್ರಷ್ ಎತ್ತಿದ ಕೂಡಲೇ ಮುಚ್ಚಿ. ಸ್ಪ್ರೇ ಕ್ಲೀನರ್ ಡಬ್ಬಿಯ ಲೇಬಲ್ ಓದಿ. ಹಲವು ಬಗೆಗಳಲ್ಲಿ ಟಾಲುಯೀನ್ ಅಥವಾ ಹೆಕ್ಸೇನ್ ಇರುತ್ತದೆ. ಹೆಕ್ಸೇನ್ ಇದ್ದ ಬ್ರೇಕ್ ಕ್ಲೀನರ್ ಬಳಸಿದ ಕ್ಯಾಲಿಫೋರ್ನಿಯದ ಮೆಕ್ಯಾನಿಕ್‌ಗಳಲ್ಲಿ 1999–2000ರ ಸುಮಾರಿಗೆ ಕೈಕಾಲಿನ ನರದೌರ್ಬಲ್ಯ ಪತ್ತೆಯಾಗಿತ್ತು.

ಫ್ಯಾನ್ ಇಡುವುದರಲ್ಲಿ ಎಚ್ಚರ ಬೇಕು. ಮಾಮೂಲಿ ಟೇಬಲ್ ಫ್ಯಾನ್‌ನ ಮೋಟರ್ ಮತ್ತು ಸ್ವಿಚ್ಚಿನಿಂದ ಕಿಡಿ ಏಳಬಹುದು, ಆದ್ದರಿಂದ ಆವಿಯನ್ನು ಫ್ಯಾನ್ ಮೂಲಕ ಎಳೆದು ಹೊರಹಾಕಲು ಹೋಗಬೇಡಿ. ಫ್ಯಾನ್ ನಿಮ್ಮ ಬೆನ್ನ ಹಿಂದೆ, ಶುದ್ಧ ಗಾಳಿಯ ಕಡೆ ದೂರದಲ್ಲಿರಲಿ. ಗಾಳಿ ನಿಮ್ಮನ್ನು ದಾಟಿ, ಕೆಲಸದ ಮೇಲೆ ಹಾದು, ಬಾಗಿಲಿನಿಂದ ಆಚೆ ಹೋಗಲಿ. ಸೀಲಿಂಗ್ ಫ್ಯಾನ್ ನೆಲದಲ್ಲಿ ಕೂತ ಆವಿಯನ್ನು ಮೂಗಿನ ಮಟ್ಟಕ್ಕೆ ಎಬ್ಬಿಸುತ್ತದೆ, ಅಷ್ಟೆ. ಗೋಡೆಗೆ ಕಿಂಡಿ ಕೊರೆಯುವುದಾದರೆ ನೆಲದ ಮಟ್ಟದಲ್ಲಿ ಕೊರೆಸಿ. ಒಳಗೆ ಎಂಜಿನ್ ಓಡಿಸುತ್ತಾ ಟ್ಯೂನ್ ಮಾಡಿದರೆ ಕಾರ್ಬನ್ ಮೊನಾಕ್ಸೈಡ್ ಕೂಡ ಸೇರುತ್ತದೆ. ಅದರ ತಲೆನೋವು, ವಾಕರಿಕೆ ಪೆಟ್ರೋಲ್ ಆವಿಯದರಂತೆಯೇ ಇರುತ್ತವೆ, ಅದು ಬೇಗ ಕೊಲ್ಲುತ್ತದೆ.

ಕೈ ತೊಳೆಯಲು: ಒಂದು ಚಮಚ ಕೊಬ್ಬರಿ ಎಣ್ಣೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಗ್ರೀಸ್ ಬಿಡುತ್ತದೆ. ಪೆಟ್ರೋಲ್ ಚರ್ಮದ ಎಣ್ಣೆಯನ್ನೆಲ್ಲ ತೆಗೆದುಬಿಡುತ್ತದೆ, ಬಿರುಕು ಬಿಟ್ಟ ಚರ್ಮದ ಮೂಲಕ ಒಳಗೂ ಸೇರುತ್ತದೆ. ಪೈಪ್ ಬಾಯಲ್ಲಿ ಎಳೆದು ಪೆಟ್ರೋಲ್ ತೆಗೆಯುವುದನ್ನು ಇಂದೇ ಬಿಡಿ, ರಬ್ಬರ್ ಬುರುಡೆಯ ಕೈಪಂಪ್ ಒಂದು ಊಟದ ದುಡ್ಡಿಗೆ ಸಿಗುತ್ತದೆ.

ಹದಿನೆಂಟು ತುಂಬದವರನ್ನು ಈ ಕೆಲಸಕ್ಕೆ ಹಾಕುವಂತಿಲ್ಲ. ಬೆಂಕಿ ಹತ್ತುವ ವಸ್ತುಗಳ ಕೆಲಸ ಕಾನೂನಿನ ಪ್ರಕಾರ ಅಪಾಯಕಾರಿ, ಬೆಳೆಯುವ ಮಿದುಳಿಗಂತೂ ಇನ್ನೂ ಕೆಡುಕು. ಯಾರಾದರೂ ಹುಡುಗ ಡಬ್ಬಿ ಹತ್ತಿರವೇ ಸುಳಿಯುತ್ತಾ, ವಾಸನೆ “ಹಿತ” ಎನ್ನುತ್ತಿದ್ದರೆ ಬೈದು ಓಡಿಸಬೇಡಿ. ಅದು ಚಟದ ಮೊದಲು. ಮೂಸುವ ಚಟದಲ್ಲಿ ಹೃದಯದ ಬಡಿತ ತಪ್ಪಿ ಒಮ್ಮೆಲೇ ಸಾವು ಬರಬಹುದು, ಮೊದಲ ಸಲವೇ ಆದರೂ.

ತೋಟದ ಯಂತ್ರ, ಮನೆಯ ಬೈಕ್

ಎರಡು ಸ್ಟ್ರೋಕ್‌ನ ಕಳೆ ಯಂತ್ರದಲ್ಲಿ ಪೆಟ್ರೋಲ್‌ನ ಒಂದು ಪಾಲು ಉರಿಯದೇ ಹೊಗೆಯೊಂದಿಗೆ ಹೊರಬರುತ್ತದೆ. ಪೊದೆ ದಟ್ಟವಾಗಿರುವಲ್ಲಿ ಅದು ನಿಮ್ಮ ಸುತ್ತಲೇ ನಿಲ್ಲುತ್ತದೆ. ಇಳಿಜಾರಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಸಾಗಿ, ಮುಕ್ಕಾಲು ಗಂಟೆಗೊಮ್ಮೆ ಇಳಿಸಿ ಬಯಲಿಗೆ ಬನ್ನಿ. ಆಯಿಲ್ ಅಂದಾಜಿಗೆ ಸುರಿಯಬೇಡಿ. ಯಂತ್ರದ ಪುಸ್ತಕ 25ಕ್ಕೆ 1 ಎಂದರೆ ಲೀಟರ್‌ಗೆ 40 ಮಿಲಿ, 50ಕ್ಕೆ 1 ಎಂದರೆ 20 ಮಿಲಿ. ಹೆಚ್ಚಾದರೆ ಹೊಗೆ ಹೆಚ್ಚು. ಎಥನಾಲ್ ಬೆರೆತ ಈಗಿನ ಪೆಟ್ರೋಲ್‌ಗೆ ಹಳೆಯ ರಬ್ಬರ್ ಪೈಪ್, ಪ್ರೈಮರ್ ಬಲ್ಬ್ ಉಬ್ಬಿ ಬಿರಿಯುತ್ತವೆ. ಬೆನ್ನಿಗೆ ಹೊರುವ ಯಂತ್ರದಲ್ಲಿ ಈ ಜಿನುಗು ನೇರ ಅಂಗಿಗೆ ಇಳಿಯುತ್ತದೆ. ಸೀಸನ್ ಶುರುವಿಗೆ ಪೈಪ್ ಬಗ್ಗಿಸಿ ನೋಡಿ, ಗೆರೆ ಕಂಡರೆ ಬದಲಿಸಿ.

ಪಟ್ಟಣದ ಸಣ್ಣ ಮನೆಗಳಲ್ಲಿ ರಾತ್ರಿ ಬೈಕ್ ಹಾಲ್‌ಗೋ ಪ್ಯಾಸೇಜ್‌ಗೋ ಬರುತ್ತದೆ. ಬೆಳಗ್ಗೆ ಬಾಗಿಲು ತೆರೆದಾಗ ವಾಸನೆ ಬಂದರೆ ಕ್ಯಾಪ್‌ನ ರಬ್ಬರ್ ಮತ್ತು ಪೈಪ್ ನೋಡಿಸಿ. ಹಳೆಯ ಬೈಕ್‌ನ ಪೆಟ್ರೋಲ್ ಕಾಕ್ ಆಫ್ ಮಾಡಿ. ಕೆಲಸದ ಬಟ್ಟೆ ಮನೆಯೊಳಗೆ ತರಬೇಡಿ, ಬೇರೆಯಾಗಿ ಒಗೆಯಿರಿ, ಒಲೆಯ ಹತ್ತಿರ ಒಣಹಾಕಬೇಡಿ.

ಮಾಸ್ಕ್ ಮತ್ತು ಕೈಗವಸು

ಬಟ್ಟೆ ಮಾಸ್ಕ್, ಸರ್ಜಿಕಲ್ ಮಾಸ್ಕ್, ಎನ್-95 ಯಾವುದೂ ಆವಿಯನ್ನು ತಡೆಯುವುದಿಲ್ಲ, ಅವು ಕಣಗಳಿಗೆ. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ಅರ್ಧಮುಖದ ರೆಸ್ಪಿರೇಟರ್ ಬೇಕು. ಪೆಟ್ರೋಲ್‌ನ ಹಗುರ ಭಾಗಗಳು 65 ಡಿಗ್ರಿಗಿಂತ ಕಡಿಮೆಯಲ್ಲಿ ಕುದಿಯುವುದರಿಂದ ಯುರೋಪಿನ ಗುರುತಿನಲ್ಲಿ ‘ಎಎಕ್ಸ್’ ಎಂಬ ಕಂದು ಬಣ್ಣದ ಫಿಲ್ಟರ್ ಸರಿಯಾದದ್ದು. ಅದನ್ನು ಒಂದು ಪಾಳಿಗೆ ಬಳಸಿ ಎಸೆಯಬೇಕು. ದಿನಾ ಎಂಟು ಗಂಟೆ ಹಾಕಿಕೊಳ್ಳುವುದು ಬಿಸಿಲಿಗೂ ಜೇಬಿಗೂ ಆಗದ ಮಾತು. ಟ್ಯಾಂಕರ್ ಇಳಿಸುವುದು, ದೊಡ್ಡ ಸೋರಿಕೆ, ಇಂಥವಕ್ಕೆ ಮೀಸಲಿಡಿ. ಗಡ್ಡವಿದ್ದರೆ ಅಂಚು ಕೂರುವುದಿಲ್ಲ. ಮೊಳೆಗೆ ನೇತುಹಾಕಿದರೆ ಇದ್ದಿಲು ಸುಮ್ಮನೆ ಗಾಳಿಯ ಆವಿ, ತೇವ ಹೀರಿ ಸಾಯುತ್ತದೆ. ತೊಟ್ಟಿ, ಟ್ಯಾಂಕ್‌ನೊಳಗೆ ಇಳಿಯಲು ಈ ಮಾಸ್ಕ್ ಯಾವ ಕಾರಣಕ್ಕೂ ಸಾಲದು.

ಕೈಗವಸು ನೈಟ್ರೈಲ್‌ನದಾಗಿರಲಿ, ಸುಮಾರು 0.4 ಮಿಮೀ ದಪ್ಪದ್ದು. ಆಸ್ಪತ್ರೆಯ ತೆಳು ಕೈಗವಸಿನಲ್ಲಿ ಬೆಂಜೀನ್, ಟಾಲುಯೀನ್ ಕೆಲವೇ ನಿಮಿಷಗಳಲ್ಲಿ ದಾಟುತ್ತವೆ.

ನಾಲ್ಕು ವಾರದ ದಿನಚರಿ

ನೋಟ್‌ಬುಕ್‌ನಲ್ಲಿ ದಿನಕ್ಕೊಂದು ಸಾಲು: ಯಾವ ಪಾಳಿ, ಡೆನ್ಸಿಟಿ, ಅಳತೆ, ಟ್ಯಾಂಕರ್, ಭಾಗ ತೊಳೆಯುವುದು ಇವುಗಳಲ್ಲಿ ಯಾವುದು ಮಾಡಿದಿರಿ, ತಲೆನೋವು, ಸಿಡುಕು, ಬೇಸರ ಒಂದೊಂದಕ್ಕೆ 0ಯಿಂದ 10ರ ಅಂಕ, ಎಷ್ಟು ಗಂಟೆ ನಿದ್ದೆ, ಕುಡಿದಿರಾ, ಎಷ್ಟು. ಕೊನೆಯ ಅಂಕಣ ಮನೆಯವರದು: ಸಂಜೆ ನಿಮ್ಮ ಸಿಡುಕಿಗೆ ಅವರು ಕೊಡುವ ಅಂಕ. ಇದನ್ನು ಬಿಡಬೇಡಿ, ಸ್ವಭಾವದ ಬದಲಾವಣೆ ಕಾಣುವುದು ಅವರಿಗೇ ಮೊದಲು. ವಾರಕ್ಕೊಮ್ಮೆ ಅದೇ ಹೊತ್ತಿನಲ್ಲಿ ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ ಎಣಿಸಿ. ಬೇರೆಯವರೊಡನೆ ಹೋಲಿಸಬೇಡಿ, ನಿಮ್ಮದೇ ಹಿಂದಿನ ವಾರದ ಜೊತೆ ಸಾಕು.

ಓದುವ ಬಗೆ ಹೀಗೆ. ಆವಿಯ ಕೆಲಸ ಹೆಚ್ಚಿದ್ದ ದಿನ ಅಂಕ ಏರಿ, ವಾರದ ರಜೆಯಲ್ಲಿ ಇಳಿದು, ಮತ್ತೆ ಕೆಲಸಕ್ಕೆ ಹೋದ ಒಂದೆರಡು ದಿನಗಳಲ್ಲಿ ಏರಿದರೆ ಆವಿಯ ಮೇಲೆ ಅನುಮಾನ ಬಲವಾಗುತ್ತದೆ. ರಾತ್ರಿ ಪಾಳಿಯ ವಾರವನ್ನು ಹಗಲು ಪಾಳಿಯ ವಾರದೊಡನೆ ಹೋಲಿಸಬೇಡಿ, ನಿದ್ದೆಗೇಡೇ ಅಂಕ ಏರಿಸುತ್ತದೆ. ಏರಿಳಿತವೇ ಇಲ್ಲದೆ ಸದಾ ಕೆಟ್ಟದ್ದೇ ಇದ್ದರೆ ಎರಡು ಸಾಧ್ಯತೆ: ಕಾರಣ ಬೇರೆ, ಅಥವಾ ಒಂದು ದಿನದ ರಜೆ ಸಾಲದಷ್ಟು ಮುಂದುವರಿದಿದೆ. ಕೊಬ್ಬಿನಲ್ಲಿ ಕೂತ ಟಾಲುಯೀನ್ ಹೊರಹೋಗಲು ದಿನಗಳೇ ಬೇಕು. ಹಾಗಿದ್ದರೆ ಎರಡು ವಾರ ಆವಿಯಿಲ್ಲದ ಕೆಲಸ ಕೇಳಿ, ಕ್ಯಾಷ್ ಕೌಂಟರ್ ಅಥವಾ ಟೈರಿಗೆ ಗಾಳಿ ಹಾಕುವ ಜಾಗ, ಆಗಲೂ ದಿನಚರಿ ಬರೆಯಿರಿ.

ಕುಡಿತದ ಅಂಕಣ ಯಾರನ್ನೂ ದೂರಲು ಅಲ್ಲ. ಟಾಲುಯೀನನ್ನೂ ಮದ್ಯವನ್ನೂ ಯಕೃತ್ತು ಒಂದೇ ಬಗೆಯ ಕಿಣ್ವಗಳಿಂದ ಕರಗಿಸುತ್ತದೆ. ಪಾಳಿ ಮುಗಿದ ಕೂಡಲೇ ಕುಡಿದರೆ ಟಾಲುಯೀನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ವೈದ್ಯರ ಬಳಿ

ಬರೀ “ತಲೆನೋವು, ಮರೆವು” ಎಂದರೆ ಗುಳಿಗೆ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಎಷ್ಟು ವರ್ಷದಿಂದ ಕೆಲಸ, ದಿನಕ್ಕೆಷ್ಟು ಗಂಟೆ, ಯಾವ ದ್ರವಗಳು ಎಂದು ಒಂದು ಹಾಳೆಯಲ್ಲಿ ಬರೆದು, ದಿನಚರಿ ಮತ್ತು ಸ್ಪ್ರೇ ಡಬ್ಬಿಯ ಲೇಬಲ್‌ನ ಫೋಟೊ ಜೊತೆಗೆ ಕೊಡಿ.

ಮೊದಲು ಮಾಡಿಸಬೇಕಾದದ್ದು ಅಗ್ಗದ ಪರೀಕ್ಷೆಗಳು: ಪೂರ್ಣ ರಕ್ತಕಣ ಎಣಿಕೆ, ವಿಟಮಿನ್ ಬಿ-12, ಥೈರಾಯ್ಡ್, ಸಕ್ಕರೆ. ಬಿ-12 ಕೊರತೆ ಸಸ್ಯಾಹಾರಿಗಳಲ್ಲಿ ಸಾಮಾನ್ಯ; ಅದೂ ಮರೆವು, ಬೇಸರ, ಪಾದದ ಜೋಮು ತರುತ್ತದೆ, ಅದಕ್ಕೆ ಮದ್ದಿದೆ. ರಕ್ತಕಣ ಎಣಿಕೆ ಬೆಂಜೀನ್‌ಗೂ ಬೇಕು, ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಬಿಳಿಕಣ ಅಥವಾ ಪ್ಲೇಟ್‌ಲೆಟ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಮಿತಿಯೊಳಗೇ ಇದ್ದರೂ, ವೈದ್ಯರಿಗೆ ತೋರಿಸಿ. ಹಳೆಯ ರಿಪೋರ್ಟ್ ಎಸೆಯಬೇಡಿ.

ಮೂತ್ರ ಪರೀಕ್ಷೆ ಮಾಡಿಸುವುದಾದರೆ ವಾರದ ಕೊನೆಯ ಕೆಲಸದ ದಿನ, ಪಾಳಿ ಮುಗಿದ ಕೂಡಲೇ ಮಾದರಿ ಕೊಡಿ. ಬೆಂಜೀನ್‌ಗೆ ಎಸ್-ಪಿಎಂಎ (ಬೆಂಜೀನ್ ದೇಹದಲ್ಲಿ ಬದಲಾಗಿ ಮೂತ್ರಕ್ಕೆ ಬರುವ ವಸ್ತು) ನಂಬಬಹುದಾದದ್ದು. ಬೀಡಿ, ಸಿಗರೇಟಿನಿಂದಲೂ ಅದು ಏರುತ್ತದೆ, ಸೇದುವುದಿದ್ದರೆ ಹೇಳಿ. ಟಾಲುಯೀನ್‌ಗೆಂದು ಹಿಪ್ಯುರಿಕ್ ಆಮ್ಲ ಅಳೆಯುವ ಲ್ಯಾಬ್‌ಗಳಿವೆ, ಆದರೆ ಬಾಟಲಿ ಉಪ್ಪಿನಕಾಯಿ, ಸಾಸ್, ಕೂಲ್‌ಡ್ರಿಂಕ್‌ಗೆ ಕೆಡದಂತೆ ಬೆರೆಸುವ ಬೆಂಜೋಯೇಟ್‌ನಿಂದಲೂ ಅದು ಏರುವುದರಿಂದ ಓ-ಕ್ರೆಸಾಲ್ ಕೇಳಿ. ಈ ಪರೀಕ್ಷೆಗಳೆಲ್ಲ ಹೇಳುವುದು ಇತ್ತೀಚೆಗೆ ಒಳಹೋದ ಆವಿಯ ಬಗ್ಗೆ. ಹತ್ತು ವರ್ಷದಲ್ಲಿ ಮಿದುಳಿಗೆ ಏನಾಯಿತೆಂದು ಅವು ಹೇಳಲಾರವು.

ಅದಕ್ಕೆ ಬೇಕಾದದ್ದು ನ್ಯೂರೋಸೈಕಾಲಜಿ ಪರೀಕ್ಷೆ: ಗಮನ, ವೇಗ, ಹೊಸದನ್ನು ನೆನಪಿಡುವುದು, ಯೋಜನೆ. ಬೆಂಗಳೂರಿನ ನಿಮ್ಹಾನ್ಸ್ ನಮ್ಮವರ ವಯಸ್ಸು, ಓದಿಗೆ ತಕ್ಕ ಮಾನದಂಡಗಳಿರುವ ಪರೀಕ್ಷಾ ಗುಚ್ಛವನ್ನೇ ರೂಪಿಸಿದೆ. ಕಡಿಮೆ ಓದಿದವರನ್ನು ಹೆಚ್ಚು ಓದಿದವರ ಅಳತೆಗೋಲಿನಲ್ಲಿ ಅಳೆದರೆ ಇಲ್ಲದ ಕಾಯಿಲೆ ಕಾಣುತ್ತದೆ, ಹಾಗಾಗಿ ಇದು ಮುಖ್ಯ. ಎಂಆರ್‌ಐ ನಾರ್ಮಲ್ ಬಂದರೆ ತೊಂದರೆಯೇ ಇಲ್ಲವೆಂದಲ್ಲ. ಆರಂಭದ ಹಂತದಲ್ಲಿ ಅದು ಸಾಮಾನ್ಯವಾಗಿ ನಾರ್ಮಲ್ಲೇ. ಕಿವಿ ಮತ್ತು ಬಣ್ಣದ ದೃಷ್ಟಿಯ ಪರೀಕ್ಷೆಯನ್ನೂ ಕೇಳಿ. ಟಾಲುಯೀನ್ ಮತ್ತು ಗದ್ದಲ ಸೇರಿದರೆ ಕಿವಿ ಬೇಗ ಮಂದವಾಗುತ್ತದೆ, ದ್ರಾವಕಗಳಿಂದ ನೀಲಿ–ಹಳದಿ ಬಣ್ಣಗಳ ಛಾಯೆ ಗುರುತಿಸುವುದು ಕಷ್ಟವಾಗುತ್ತದೆ.

ಮನಸ್ಸಿನ ಚಿಕಿತ್ಸೆಯನ್ನು ಕಾರಣ ತೀರ್ಮಾನವಾಗುವವರೆಗೆ ಕಾಯಿಸಬೇಡಿ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ 10 ಅಥವಾ ಹೆಚ್ಚು ಅಂಕ ಬಂದರೆ ಮನೋವೈದ್ಯರನ್ನು ಕಾಣಬೇಕು. ಬದುಕೇ ಬೇಡ ಎನ್ನಿಸಿದರೆ ಅಂಕ ಎಷ್ಟಿದ್ದರೂ ಅದೇ ದಿನ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇಎಸ್‌ಐ ಇದ್ದವರು ಅಲ್ಲೇ ತೋರಿಸಿ, ಕೆಲಸದ ವಿವರವನ್ನು ಕೇಸ್ ಶೀಟ್‌ನಲ್ಲಿ ಬರೆಸಿ. ಬೆಂಜೀನ್ ಮತ್ತು ಅದರ ಬಳಗದ ವಿಷಗಳಿಂದ ಬರುವ ಕಾಯಿಲೆ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ. ಬರೆಸದಿದ್ದರೆ ಮುಂದೆ ಪರಿಹಾರ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ.

ತಕ್ಷಣ ಮಾಡಬೇಕಾದದ್ದು

ತಲೆ ಸುತ್ತಿ, ಮಾತು ತೊದಲಿ, ಕುಡಿದವರಂತೆ ತೂರಾಡಿದರೆ ಗಾಳಿಗೆ ಕರೆತನ್ನಿ, ಪೆಟ್ರೋಲ್ ಬಿದ್ದ ಬಟ್ಟೆ ಬಿಚ್ಚಿಸಿ, ಸೋಪು ನೀರಿನಲ್ಲಿ ತೊಳೆಯಿರಿ, ಓಡಾಡಿಸಬೇಡಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ, ಅಥವಾ ಎಚ್ಚರ ತಪ್ಪಿದರೆ ಕಾಯದೆ, 108. ಪೆಟ್ರೋಲ್ ನುಂಗಿದವರಿಗೆ ವಾಂತಿ ಮಾಡಿಸಬೇಡಿ, ಹಾಲು ಕುಡಿಸಬೇಡಿ. ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿದರೆ ರಾಸಾಯನಿಕ ನ್ಯುಮೋನಿಯ ಆಗುತ್ತದೆ. ಒಮ್ಮೆ ಕೆಮ್ಮಿದರೂ ಆಸ್ಪತ್ರೆಯಲ್ಲಿ ಕೆಲವು ಗಂಟೆ ಇರಿಸಿ ನೋಡಬೇಕು. ಗುಂಡಿಯಲ್ಲೋ ಟ್ಯಾಂಕ್‌ನಲ್ಲೋ ಯಾರಾದರೂ ಬಿದ್ದಿದ್ದರೆ ಹಿಂದೆಯೇ ಇಳಿಯಬೇಡಿ. ಅಗ್ನಿಶಾಮಕದವರನ್ನು ಕರೆಯಿರಿ, ಸುತ್ತ ಎಂಜಿನ್ ಮತ್ತು ಮೊಬೈಲ್ ಆರಿಸಿ, ಹಗ್ಗ ಮೊದಲೇ ಕಟ್ಟಿದ್ದರೆ ಮಾತ್ರ ಮೇಲಿನಿಂದಲೇ ಎಳೆಯಿರಿ.